ಎಚ್‌ಐವಿ ಪಾಸಿಟಿವ್ ಇರುವವರ ಮೊಬೈಲ್‌ಗೆ ಸುರಕ್ಷಿತ ಲೈಂಗಿಕತೆ ಬಗ್ಗೆ ಏನು ಕಳಿಸಬೇಕು? ಅನುಭವ ಇದ್ದವರು ಹೇಳಿ

ಸಂತೆಪೇಟೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾನು 2009ರಿಂದ ಪಾಸಿಟಿವ್. ನಮ್ಮ ತಾಲೂಕಿನ ಪಾಸಿಟಿವ್ ಸಂಘದಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದೇನೆ. ಮಾತ್ರೆ ತಪ್ಪಿಸಿದವರಿಗೆ ಫೋನ್ ಮಾಡುವುದು, ಹೊಸಬರ ಜೊತೆ ಎಆರ್‌ಟಿ ಸೆಂಟರ್‌ಗೆ (ಎಚ್‌ಐವಿ ಮಾತ್ರೆ ಕೊಡುವ ಕೇಂದ್ರ) ಹೋಗುವುದು, ಇಂಥವು. ಎರಡು ವರ್ಷದ ಹಿಂದೆ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಸುಮಾರು 140 ಜನ ಇದ್ದರು. ಹೋದ ತಿಂಗಳು ಎಡವಟ್ಟು ಮಾಡಿಕೊಂಡೆ.

ಸುರಕ್ಷಿತ ಲೈಂಗಿಕತೆ ಬಗ್ಗೆ ಎರಡು ನಿಮಿಷದ ವಿಡಿಯೋ ಯಾರೋ ಕಳಿಸಿದ್ದರು. ಒಳ್ಳೆಯದೇ ಅಲ್ವಾ ಅಂತ ಮಂಗಳವಾರ ಸಂಜೆ ಏಳೂವರೆಗೆ ಗ್ರೂಪ್‌ಗೆ ಹಾಕಿದೆ. ಅದರ ಮೊದಲ ಚಿತ್ರವೇ ಕೆಂಪು ರಿಬ್ಬನ್. ಕೆಳಗೆ ದಪ್ಪ ಅಕ್ಷರದಲ್ಲಿ ಎಚ್‌ಐವಿ ಅಂತ. ಸಂಜೆ ಏಳೂವರೆ ಅಂದರೆ ಮನೆಯ ಮೊಬೈಲ್ ಮಕ್ಕಳ ಕೈಯಲ್ಲಿರುವ ಹೊತ್ತು. ಇದು ನನ್ನ ತಲೆಗೆ ಹೋಗಲೇ ಇಲ್ಲ. ಒಬ್ಬ ಅಕ್ಕನ ಮಗ, ಒಂಬತ್ತನೇ ಕ್ಲಾಸು, ಹೋಂವರ್ಕ್ ನೋಡಲು ಫೋನ್ ತೆಗೆದವನು ಇದನ್ನು ನೋಡಿದ. ‘ಅಮ್ಮಾ, ಈ ಗ್ರೂಪ್‌ನಲ್ಲಿ ನೀನ್ಯಾಕೆ ಇದ್ದೀಯ?’ ಅಂತ ಕೇಳಿದನಂತೆ.

ಆ ಅಕ್ಕ ಮಾರನೇ ದಿನ ಫೋನ್ ಮಾಡಿದರು. ಬೈಯಲಿಲ್ಲ, ಸುಮ್ನೆ ಅತ್ತರು. ಬೈದಿದ್ದರೆ ಚೆನ್ನಾಗಿತ್ತು. ಆ ವಾರ 23 ಜನ ಗ್ರೂಪ್ ಬಿಟ್ಟರು.

ಈಗ ನನ್ನ ಪ್ರಶ್ನೆ. ಈ ವಿಷಯವನ್ನು ಮೊಬೈಲ್‌ನಲ್ಲಿ ಹೇಳಲೇಬಾರದಾ? ಹೇಳಬಹುದು ಅಂದರೆ ಏನು ಹೇಳಬೇಕು, ಯಾವ ಹೊತ್ತಿಗೆ? ನಿಮ್ಮ ಕಡೆ ಏನು ಕಳಿಸುತ್ತಾರೆ? ಅದರಿಂದ ನಿಮ್ಮ ಬದುಕಲ್ಲಿ ಏನಾದರೂ ಬದಲಾಯಿತಾ? ನಿಜ ಹೇಳಿ.

ಜೋಳದರೊಟ್ಟಿ · ಭಾನುವಾರ ರಾತ್ರಿ 10:15

ನಮ್ಮ ಸಂಘದ ಅಣ್ಣನ ನಂಬರ್ ನನ್ನ ಫೋನಿನಲ್ಲಿ ‘ಟೈರ್ ಅಂಗಡಿ’ ಅಂತ ಸೇವ್ ಆಗಿದೆ ನೋಡ್ರಿ. ನಾನು ಲಾರಿ ಓಡಿಸುವವನು, ಯಾರಿಗೂ ಅನುಮಾನ ಬರುವುದಿಲ್ಲ. ಒಂದು ದಿನ ಟೈರ್ ಅಂಗಡಿಯಿಂದ ‘ಕಾಂಡೋಮ್ ಸ್ಟಾಕ್ ಬಂದಿದೆ’ ಅಂತ ಮೆಸೇಜ್ ಬಂತು. ಕ್ಲೀನರ್ ಹುಡುಗ ಓದಿಬಿಟ್ಟ. ‘ಟ್ಯೂಬ್‌ಲೆಸ್ ಟೈರ್‌ಗೂ ಇದು ಬೇಕೇನ್ರೀ?’ ಅಂತ ಇವತ್ತಿಗೂ ಕಾಡಿಸುತ್ತಾನೆ.

ತಮಾಷೆ ಇರಲಿ. ಗ್ರೂಪ್ ತೆಗೆದುಬಿಡ್ರಿ ಅಣ್ಣ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡ್ರಿ. ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. 140 ಜನರ ನಂಬರನ್ನು ಎಲ್ಲರಿಗೂ ತೋರಿಸಿದ್ದೇ ಮೊದಲ ತಪ್ಪು. ವಿಡಿಯೋ ಎರಡನೆಯದು.

ಸಂತೆಪೇಟೆ · ಭಾನುವಾರ ರಾತ್ರಿ 10:22

ಒಪ್ಪಿದೆ. ಅದು ಎರಡು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಅನ್ನುವುದೇ ಸಂಕಟ.

ದೊಡ್ಡಕ್ಕ · ಸೋಮವಾರ ಬೆಳಿಗ್ಗೆ 6:50

ತಮ್ಮಾ, ಒಂದು ಎಡವಟ್ಟಾಯಿತು ಅಂತ ಕೈಬಿಡಬೇಡ. ನಾನು 11 ವರ್ಷ ಎಆರ್‌ಟಿ ಸೆಂಟರ್‌ನಲ್ಲಿ ಕೌನ್ಸೆಲರ್ ಆಗಿದ್ದವಳು. ನಮ್ಮ ಕಡೆಯ ಕಷ್ಟ ಹೇಳುತ್ತೇನೆ ಕೇಳು.

ಬೆಳಿಗ್ಗೆ ಕ್ಯೂ ಬಾಗಿಲಿನ ಆಚೆ ಹೋಗಿರುತ್ತದೆ. ಒಬ್ಬರಿಗೆ ನಾಲ್ಕೈದು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಮಾತ್ರೆ ಎಣಿಸಬೇಕು, ತೂಕ ನೋಡಬೇಕು, ಕೆಮ್ಮು ಜ್ವರ ಇದೆಯಾ ಅಂತ ಟಿಬಿ ಪ್ರಶ್ನೆ ಕೇಳಬೇಕು, ಮುಂದಿನ ತಾರೀಕು ಬರೆಯಬೇಕು. ಎಲ್ಲ ಮುಗಿದು ಅವರು ಎದ್ದು ನಿಂತಾಗ ‘ಕಾಂಡೋಮ್ ಬಳಸ್ತಿದ್ದೀರಾ?’ ಅಂತ ಒಂದು ಪ್ರಶ್ನೆ. ‘ಹೂಂ ಮೇಡಂ’ ಅಂತ ಒಂದು ಉತ್ತರ. ಆ ಹೂಂ ಎಷ್ಟು ನಿಜ ಅಂತ ಇಬ್ಬರಿಗೂ ಗೊತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದರೆ ಆ ಹೆಣ್ಣುಮಗಳು ಇನ್ನೇನು ಹೇಳಿಯಾಳು?

ಅವಳೇ ಮೂರು ದಿನ ಬಿಟ್ಟು ಮಧ್ಯಾಹ್ನ ಎರಡು ಗಂಟೆಗೆ, ಮನೆಯಲ್ಲಿ ಯಾರೂ ಇಲ್ಲದಾಗ, ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ‘ಮೇಡಂ, ಅವರು ಕುಡಿದು ಬಂದ ದಿನ ಕಾಂಡೋಮ್ ಬೇಡ ಅಂತಾರೆ. ಹಟ ಮಾಡಿದರೆ ನಿನಗೆ ಇನ್ಯಾರದ್ದಾದರೂ ಸಹವಾಸ ಇದೆಯಾ ಅಂತ ಕೇಳ್ತಾರೆ.’ ನನ್ನ ಅನುಭವದಲ್ಲಿ ನಿಜವಾದ ಕೌನ್ಸೆಲಿಂಗ್ ಅಲ್ಲಿಂದ ಶುರುವಾಗುತ್ತಿತ್ತು. ಫೋನ್ ಇಲ್ಲದಿದ್ದರೆ ಆ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಬಿಳಿಮಾತ್ರೆ · ಸೋಮವಾರ ಬೆಳಿಗ್ಗೆ 9:05

ಹೇಗೆ ಕಳಿಸಬೇಕು ಅಂತ ಎಲ್ಲರೂ ಹೇಳುತ್ತಿದ್ದೀರಿ. ಆ ವಿಡಿಯೋದಲ್ಲಿ ಇದ್ದದ್ದೇನು ಅಂತ ಯಾರೂ ಕೇಳಲಿಲ್ಲ. ನಾನೇ ಊಹಿಸುತ್ತೇನೆ. ಒಬ್ಬರಿಗೇ ನಿಷ್ಠರಾಗಿರಿ, ಪ್ರತಿ ಸಲ ಕಾಂಡೋಮ್ ಬಳಸಿ, ನಮಸ್ಕಾರ. ಸರಿನಾ ಅಣ್ಣ?

ನಾನು ಬೆಂಗಳೂರಿನಲ್ಲಿರುವ ಗೇ. 2016ರಲ್ಲಿ ಪಾಸಿಟಿವ್ ಅಂತ ಗೊತ್ತಾಯಿತು. ಮೂರು ವರ್ಷ ಯಾರ ಹತ್ತಿರವೂ ಹೋಗಲಿಲ್ಲ. ನನ್ನ ಮೈಯಲ್ಲಿ ವಿಷ ಇದೆ ಅನ್ನಿಸುತ್ತಿತ್ತು. ಮಾತ್ರೆಯಿಂದ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ ಅನ್ನುವ ಮಾತನ್ನು ಯಾರೂ ನನ್ನ ಮುಖ ನೋಡಿ ಹೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಓದಿ ತಿಳಿದುಕೊಂಡೆ.

ಇದೇನು ನಿನ್ನೆ ಮೊನ್ನೆಯ ಸುದ್ದಿ ಅಲ್ಲ. ಸ್ವಿಟ್ಜರ್‌ಲೆಂಡಿನ ವೈದ್ಯರು 2008ರಲ್ಲೇ ಹೇಳಿದ್ದರು, ಆಗ ಜಗತ್ತೆಲ್ಲ ಅವರ ಮೇಲೆ ಮುಗಿಬಿದ್ದಿತ್ತು. ಆಮೇಲೆ ಯೂರೋಪಿನಲ್ಲಿ ಪಾರ್ಟ್ನರ್ ಅನ್ನುವ ಅಧ್ಯಯನ ನಡೆಯಿತು. ಒಬ್ಬರು ಪಾಸಿಟಿವ್, ಒಬ್ಬರು ನೆಗೆಟಿವ್ ಇರುವ 888 ಜೋಡಿಗಳು. ಪಾಸಿಟಿವ್ ಇದ್ದವರ ವೈರಲ್ ಲೋಡ್ ಒಂದು ಮಿಲಿಲೀಟರ್‌ಗೆ 200ಕ್ಕಿಂತ ಕಡಿಮೆ. ಕಾಂಡೋಮ್ ಇಲ್ಲದೆ ಸೇರಿದ್ದು ಸುಮಾರು 58,000 ಸಲ. 2016ರಲ್ಲಿ ಫಲಿತಾಂಶ ಬಂತು. ನೆಗೆಟಿವ್ ಇದ್ದವರಲ್ಲಿ 11 ಜನರಿಗೆ ಸೋಂಕು ಬಂದಿತ್ತು. ಆದರೆ ವೈರಸ್‌ನ ಜೀನ್ ಹೋಲಿಸಿ ನೋಡಿದರೆ ಒಂದೂ ಮನೆಯ ಸಂಗಾತಿಯಿಂದ ಬಂದದ್ದಲ್ಲ. ಗಂಡಸರ ಜೋಡಿಗಳನ್ನೇ ಇಟ್ಟುಕೊಂಡು ಮಾಡಿದ ಎರಡನೇ ಸುತ್ತಿನ ಫಲಿತಾಂಶ 2019ರಲ್ಲಿ ಬಂತು. 782 ಜೋಡಿ, ಸುಮಾರು 76,000 ಸಲ. ಅಲ್ಲೂ ಸೊನ್ನೆ.

ಸುರಕ್ಷಿತ ಲೈಂಗಿಕತೆ ಅಂತ ಹೇಳಿ ಈ ಮಾತನ್ನೇ ಬಿಟ್ಟ ವಿಡಿಯೋ 20 ವರ್ಷ ಹಳೆಯದು. ಅದನ್ನು ನೋಡಿ ಯಾರು ತಾನೇ ಬದಲಾಗುತ್ತಾರೆ?

ಹೊಂಗೆಮರ · ಸೋಮವಾರ ಮಧ್ಯಾಹ್ನ 1:30

ನಾನು ಪಾಸಿಟಿವ್, ನಮ್ಮ ಮನೆಯವರು ನೆಗೆಟಿವ್. ಮದುವೆಗೆ ಮುಂಚೆಯೇ ಅವರಿಗೆ ಗೊತ್ತಿತ್ತು. ಮಗು ಬೇಕು ಅನ್ನುವ ಆಸೆ ಇಬ್ಬರಿಗೂ ಇತ್ತು. ಕಾಂಡೋಮ್ ತೆಗೆದರೆ ಏನಾಗುತ್ತದೋ ಅನ್ನುವ ಹೆದರಿಕೆ ನನಗೇ ಜಾಸ್ತಿ. ಅವರು ಪರವಾಗಿಲ್ಲ ಅಂದರೂ ನನಗೆ ಕೈಕಾಲು ನಡುಗುತ್ತಿತ್ತು.

ನಮ್ಮ ಕೌನ್ಸೆಲರ್ ಮೇಡಂ ಆರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದರು. ನನ್ನ ಹೆಸರು ಇಲ್ಲ, ರೋಗದ ಹೆಸರೂ ಇಲ್ಲ. ‘ನಿಮ್ಮ ಎರಡೂ ರಿಪೋರ್ಟ್ ಚೆನ್ನಾಗಿ ಬಂದಿದೆ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಡಾಕ್ಟರ್ ಹತ್ತಿರ ಇಬ್ಬರೂ ಒಟ್ಟಿಗೆ ಬನ್ನಿ, ಮಗುವಿನ ಬಗ್ಗೆ ಮಾತಾಡೋಣ’ ಅಂತ ಶುರು ಮಾಡಿ, ಯಾವ ದಿನಗಳಲ್ಲಿ ಸೇರಬೇಕು ಅನ್ನುವವರೆಗೆ ಹೇಳಿದ್ದರು. ನಾವಿಬ್ಬರೂ ಟೆರೇಸ್ ಮೇಲೆ ಕೂತು ಮೂರು ಸಲ ಕೇಳಿದೆವು. ನಾನು ಹೇಳಿದ್ದರೆ ‘ಇವಳಿಗೆ ಏನು ಗೊತ್ತು’ ಅನ್ನಿಸಬಹುದಿತ್ತು. ಮೇಡಂ ಧ್ವನಿಯಲ್ಲಿ ಕೇಳಿದ್ದೇ ಬೇರೆ.

ಮಗಳಿಗೆ ಹುಟ್ಟಿದಾಗಿನಿಂದ ಸೋಂಕು ತಡೆಯುವ ಸಿರಪ್ ಕೊಟ್ಟೆವು. ಆರು ವಾರಕ್ಕೆ ಟೆಸ್ಟ್, 18 ತಿಂಗಳಿಗೆ ಕೊನೆಯ ಟೆಸ್ಟ್. ನೆಗೆಟಿವ್. ಈಗ ಅಂಗನವಾಡಿಗೆ ಹೋಗುತ್ತಾಳೆ. ಮನೆಯವರು ಇವತ್ತಿಗೂ ನೆಗೆಟಿವ್.

ಒಂದು ಮಾತು. ಗ್ರೂಪ್‌ಗೆ ಹಾಕಿದ್ದರೆ ನಾನು ಅದನ್ನು ಕೇಳುತ್ತಲೇ ಇರಲಿಲ್ಲ. ನನಗೇ ಅಂತ ಬಂದದ್ದಕ್ಕೆ ಕೇಳಿದೆ.

ದೊಡ್ಡಕ್ಕ · ಸೋಮವಾರ ಸಂಜೆ 5:10

ಹೊಂಗೆಮರ, ಓದಿ ಕಣ್ಣು ತುಂಬಿ ಬಂತಮ್ಮ.

ಬಿಳಿಮಾತ್ರೆ, ನಿನ್ನ ಮಾತು ನಿಜ. ನಾವು ಹೇಳಲು ಹೆದರಿದೆವು, ಒಪ್ಪುತ್ತೇನೆ. ಆದರೆ ಯಾಕೆ ಹೆದರಿದೆವು ಅಂತಲೂ ಕೇಳು. ವೈರಲ್ ಲೋಡ್ ಟೆಸ್ಟ್ ಮೊದಲು ಆರು ತಿಂಗಳಿಗೆ, ಆಮೇಲೆ 12 ತಿಂಗಳಿಗೆ, ನಂತರ ವರ್ಷಕ್ಕೊಂದು. ಜನ ಹೋದ ವರ್ಷದ ರಿಪೋರ್ಟ್ ಜೇಬಲ್ಲಿಟ್ಟುಕೊಂಡು ಈ ವರ್ಷ ಓಡಾಡುತ್ತಾರೆ. ನಡುವೆ ಕಬ್ಬು ಕಟಾವಿಗೆ ಅಂತ ಊರು ಬಿಟ್ಟು ತಿಂಗಳುಗಟ್ಟಲೆ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಮಾತ್ರೆ ನಿಂತರೆ ವೈರಸ್ ಕೆಲವೇ ವಾರದಲ್ಲಿ ಮತ್ತೆ ಏರುತ್ತದೆ. ‘ಪತ್ತೆಯಾಗಿಲ್ಲ’ ಅನ್ನುವುದು ಒಮ್ಮೆ ಪಾಸಾದರೆ ಮುಗಿಯುವ ಎಸ್‌ಎಸ್‌ಎಲ್‌ಸಿ ಅಲ್ಲ.

ಇನ್ನೊಂದು. ವೈರಲ್ ಲೋಡ್ ಎಷ್ಟೇ ಇಳಿದರೂ ಸಿಫಿಲಿಸ್, ಗೊನೋರಿಯಾ, ಹೆಪಟೈಟಿಸ್ ಬಿ ತಡೆಯುವುದಿಲ್ಲ. ಅದಕ್ಕೆ ಕಾಂಡೋಮ್ ಬೇಕೇ ಬೇಕು. ಹೆಪಟೈಟಿಸ್ ಬಿಗೆ ಲಸಿಕೆಯೂ ಇದೆ. ಪಾಸಿಟಿವ್ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು. 25 ವರ್ಷದಿಂದಲೇ ತಪಾಸಣೆ ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಷ್ಟು ಜನ ಮಾಡಿಸಿದ್ದೀರಿ? ಇದನ್ನು ಯಾವ ವಿಡಿಯೋದಲ್ಲೂ ನಾನು ನೋಡಿಲ್ಲ.

ಬಿಳಿಮಾತ್ರೆ · ಸೋಮವಾರ ಸಂಜೆ 6:45

ಮೇಡಂ, ಸಿಫಿಲಿಸ್ ವಿಷಯದಲ್ಲಿ ಸೋತೆ. ಹೋದ ವರ್ಷ ನನಗೇ ಬಂದಿತ್ತು. ಅಂಗೈಯಲ್ಲಿ ಸಣ್ಣ ಕಲೆ, ನೋವಿಲ್ಲ, ಬಿಸಿಲಿಗೆ ಅಂದುಕೊಂಡೆ. ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳಿಗೆ ಅಂತಲೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ ಮಾಡಿ ಇಂಜೆಕ್ಷನ್ ಕೊಟ್ಟರು. ಒಂದು ರೂಪಾಯಿ ಖರ್ಚಿಲ್ಲ. ಆ ಕ್ಲಿನಿಕ್ ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ.

ಆದರೂ ನನ್ನ ಮಾತು ಅದೇ. ಪೂರ್ತಿ ಹೇಳಿ. ಅರ್ಧ ಹೇಳಿದರೆ ಉಳಿದರ್ಧವನ್ನು ಜನ ಯೂಟ್ಯೂಬ್ ಬಾಬಾಗಳಿಂದ ಕಲಿಯುತ್ತಾರೆ.

ಲೆಕ್ಕದವ · ಸೋಮವಾರ ರಾತ್ರಿ 8:20

ಸಂತೆಪೇಟೆಯವರು ‘ಬದಲಾಯಿತಾ’ ಅಂತ ಕೇಳಿದ್ದಾರೆ. ನಾನು ಇಂಥ ಅಧ್ಯಯನಗಳನ್ನು ಓದುವ ಹುಚ್ಚಿನವನು. ಮೂರರ ಬಗ್ಗೆ ಹೇಳುತ್ತೇನೆ.

ಕೀನ್ಯಾದ ವೆಲ್‌ಟೆಲ್. 538 ಜನ. ಪ್ರತಿ ಸೋಮವಾರ ನರ್ಸ್ ಕಡೆಯಿಂದ ಒಂದೇ ಪದದ ಎಸ್ಎಂಎಸ್, ‘ಮಾಂಬೋ?’ ಅಂದರೆ ಹೇಗಿದ್ದೀರಿ ಅಂತ. ‘ಸಾವಾ’ ಅಂದರೆ ಚೆನ್ನಾಗಿದ್ದೇನೆ. ‘ಶಿಡಾ’ ಅಂದರೆ ತೊಂದರೆ ಇದೆ. 48 ಗಂಟೆಯೊಳಗೆ ಉತ್ತರ ಬರಬೇಕು. ಶಿಡಾ ಅಂದವರಿಗೂ ಉತ್ತರ ಕೊಡದವರಿಗೂ ನರ್ಸೇ ಫೋನ್ ಮಾಡುತ್ತಿದ್ದರು. ವರ್ಷದ ಕೊನೆಗೆ ವೈರಸ್ ಹತೋಟಿಗೆ ಬಂದವರು ಎಸ್ಎಂಎಸ್ ಪಡೆದವರಲ್ಲಿ 57%, ಪಡೆಯದವರಲ್ಲಿ 48%. 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆ ಮೆಸೇಜ್‌ನಲ್ಲಿ ಎಚ್‌ಐವಿ ಇಲ್ಲ, ಮಾತ್ರೆ ಇಲ್ಲ, ಏನೂ ಇಲ್ಲ ಅನ್ನುವುದನ್ನು ಗಮನಿಸಿ. ಮಗ ನೋಡಿದರೂ ಏನೂ ಗೊತ್ತಾಗುವುದಿಲ್ಲ.

ಎರಡನೆಯದು ನಮ್ಮದೇ. ದಕ್ಷಿಣ ಭಾರತದಲ್ಲಿ 631 ಜನರ ಮೇಲೆ ಎರಡು ವರ್ಷ ನಡೆಯಿತು, 2014ರಲ್ಲಿ ಪ್ರಕಟವಾಯಿತು. ವಾರಕ್ಕೊಂದು ತಾನೇ ಬರುವ ಫೋನ್ ಕರೆ, ಜೊತೆಗೆ ಒಂದು ಚಿತ್ರದ ಮೆಸೇಜ್. ಚಿಕಿತ್ಸೆಯ ಫಲಿತಾಂಶದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಫೋನೇ. ನನ್ನ ಓದಿನಲ್ಲಿ, ಅಲ್ಲಿ ಆ ಕಡೆ ಮನುಷ್ಯರಿದ್ದರು, ಇಲ್ಲಿ ಮೆಷಿನ್ ಇತ್ತು. ಬೇರೆ ಕಾರಣಗಳೂ ಇದ್ದಾವು. ನಾನು ಇದನ್ನೇ ಹಿಡಿದುಕೊಂಡಿದ್ದೇನೆ.

ದೊಡ್ಡಕ್ಕ · ಸೋಮವಾರ ರಾತ್ರಿ 8:41

ಎರಡೂ ಮಾತ್ರೆಯ ವಿಷಯ ಆಯಿತಲ್ಲಪ್ಪಾ. ಹಾಸಿಗೆಯ ವಿಷಯ ಎಲ್ಲಿ?

ಲೆಕ್ಕದವ · ಸೋಮವಾರ ರಾತ್ರಿ 8:55

ಹಿಡಿದಿರಿ ಮೇಡಂ. ಅದಕ್ಕೇ ಮೂರನೆಯದು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಕ್ಲಿನಿಕ್‌ಗಳಲ್ಲಿ 476 ಪಾಸಿಟಿವ್ ಜನರ ಜೊತೆ ‘ವಿಡಿಯೋ ಡಾಕ್ಟರ್’ ಅಂತ ಮಾಡಿದರು, 2008ರಲ್ಲಿ ಬಂದದ್ದು. ಡಾಕ್ಟರ್ ನೋಡುವ ಮೊದಲು ಕಂಪ್ಯೂಟರ್ ಮುಂದೆ ಕೂರಬೇಕು. ಕುಡಿತ, ಡ್ರಗ್ಸ್, ಕಾಂಡೋಮ್, ಎಲ್ಲ ಅದೇ ಕೇಳುತ್ತದೆ. ನೀವು ಒತ್ತಿದ ಉತ್ತರಕ್ಕೆ ತಕ್ಕಂತೆ ಡಾಕ್ಟರ್ ಪಾತ್ರಧಾರಿಯ ವಿಡಿಯೋ ಬರುತ್ತದೆ, ಬೈಗುಳ ಇಲ್ಲದೆ. ಕೊನೆಗೆ ನಿಮ್ಮ ಕೈಗೊಂದು ಹಾಳೆ, ನಿಜವಾದ ಡಾಕ್ಟರ್ ಕೈಗೊಂದು ಹಾಳೆ. ಆರು ತಿಂಗಳ ನಂತರವೂ ಅಸುರಕ್ಷಿತ ಸಂಪರ್ಕ ಇದನ್ನು ನೋಡಿದವರಲ್ಲಿ ನೋಡದವರಿಗಿಂತ ಕಡಿಮೆ ಇತ್ತು. ಮೆಷಿನ್ ಎದುರು ಜನ ‘ಹೂಂ ಮೇಡಂ’ ಅನ್ನಬೇಕಾಗಿಲ್ಲ, ಅದೇ ಲಾಭ. ಆದರೆ ಮೆಷಿನ್ ಅಲ್ಲೇ ನಿಲ್ಲಲಿಲ್ಲ, ಡಾಕ್ಟರ್ ಕೈಗೆ ದಾಟಿಸಿತು.

ಜೋಳದರೊಟ್ಟಿ · ಸೋಮವಾರ ರಾತ್ರಿ 9:30

ಮಾಂಬೋ ನಮ್ಮ ಕಡೆ ನಡೆಯಲ್ಲ ಬಿಡ್ರಿ. ‘ಆರಾಮೇನ್ರೀ?’ ಅಂತ ಹಾಕ್ರಿ. ಆರಾಮ್ ಇದ್ದರೆ ಆರಾಮ್. ಇಲ್ಲದಿದ್ದರೆ ‘ಟೈರ್ ಪಂಚರ್’.

ಬಿಳಿಮಾತ್ರೆ · ಸೋಮವಾರ ರಾತ್ರಿ 10:02

😂 ‘ಟೈರ್ ಪಂಚರ್’ ಫಿಕ್ಸ್ ಮಾಡಿ ಅಣ್ಣ.

ಒಂದು ಎಚ್ಚರಿಕೆ. ಆಪ್ ಮಾಡೋಣ, ಅದರಲ್ಲಿ ಎಲ್ಲರ ವಿವರ ತುಂಬೋಣ ಅಂತ ಯಾರಾದರೂ ಬಂದರೆ ಹುಷಾರು. ಗೇಗಳ ಡೇಟಿಂಗ್ ಆಪ್ ಗ್ರೈಂಡರ್‌ನಲ್ಲಿ ನಮ್ಮ ಎಚ್‌ಐವಿ ಸ್ಥಿತಿ ಬರೆಯುವ ಜಾಗ ಇದೆ. ಆ ಮಾಹಿತಿ ಬೇರೆ ಎರಡು ಕಂಪನಿಗಳಿಗೂ ಹೋಗುತ್ತಿತ್ತು ಅಂತ 2018ರಲ್ಲಿ ಬಯಲಾಯಿತು. ಅಷ್ಟು ದೊಡ್ಡ ಕಂಪನಿಯ ಕಥೆಯೇ ಹಾಗೆ. ನಮ್ಮ ಎಕ್ಸೆಲ್ ಶೀಟ್ ಯಾರ ಪೆನ್‌ಡ್ರೈವ್‌ನಲ್ಲಿದೆಯೋ!

ಲೆಕ್ಕದವ · ಸೋಮವಾರ ರಾತ್ರಿ 10:20

ಕಾನೂನೂ ಇದೆ. 2017ರ ಎಚ್‌ಐವಿ ಕಾಯ್ದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಯಾರ ಸ್ಥಿತಿಯನ್ನೂ ಹೊರಗೆ ಹೇಳುವಂತಿಲ್ಲ, ದಾಖಲೆಗಳನ್ನು ಜೋಪಾನವಾಗಿ ಇಡಬೇಕು. ಸೋಂಕು ಬೇರೆಯವರಿಗೆ ಹೋಗದಂತೆ ಎಚ್ಚರ ವಹಿಸುವ ಹೊಣೆ ನಮ್ಮ ಮೇಲೂ ಇದೆ. ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಅನ್ನುವ ಭಯ ಇರುವ ಹೆಣ್ಣುಮಕ್ಕಳಿಗೆ ಅದರಲ್ಲಿ ವಿನಾಯಿತಿ ಇಟ್ಟಿದ್ದಾರೆ. ಸಂತೆಪೇಟೆಯವರೇ, ಯಾರಿಗೆ ಕಳಿಸುವುದಾದರೂ ಮೊದಲು ಒಬ್ಬೊಬ್ಬರನ್ನೇ ಕೇಳಿ. ಫೋನ್ ಯಾರ ಕೈಯಲ್ಲಿರುತ್ತದೆ ಅಂತಲೂ ಕೇಳಿ.

ಹೊಸಬ_ಒಂದು_ಪ್ರಶ್ನೆ · ಸೋಮವಾರ ರಾತ್ರಿ 11:25

ಕ್ಷಮಿಸಿ, ವಿಷಯ ಬೇರೆ ಆದರೆ ತೆಗೆದುಬಿಡಿ. ನಾನು ಪಾಸಿಟಿವ್. ಹೆಂಡತಿ ನೆಗೆಟಿವ್. ಈಗ ಒಂದು ಗಂಟೆ ಹಿಂದೆ ಕಾಂಡೋಮ್ ಹರಿಯಿತು. ಅವಳು ಅಳುತ್ತಿದ್ದಾಳೆ. ಏನು ಮಾಡಬೇಕು? ಪ್ಲೀಸ್ ಯಾರಾದರೂ ಹೇಳಿ.

ದೊಡ್ಡಕ್ಕ · ಸೋಮವಾರ ರಾತ್ರಿ 11:31

ಇಲ್ಲಿದ್ದೇನೆ ತಮ್ಮಾ. ಮೊದಲು ಇಬ್ಬರೂ ನೀರು ಕುಡಿಯಿರಿ. ಒಳಗೆಲ್ಲ ಸೋಪು, ಡೆಟಾಲ್ ಹಾಕಿ ತೊಳೆಯಬೇಡಿ, ಗಾಯ ಆಗುತ್ತದೆ. ಎರಡು ಪ್ರಶ್ನೆಗೆ ಉತ್ತರ ಕೊಡು. ಕೊನೆಯ ವೈರಲ್ ಲೋಡ್ ಯಾವಾಗ, ಎಷ್ಟು? ಈಚೆಗೆ ಮಾತ್ರೆ ತಪ್ಪಿಸಿದ್ದೀಯಾ?

ಹೊಸಬ_ಒಂದು_ಪ್ರಶ್ನೆ · ಸೋಮವಾರ ರಾತ್ರಿ 11:36

14 ತಿಂಗಳ ಹಿಂದೆ. ಟಿಎನ್‌ಡಿ ಅಂತ ಬರೆದಿತ್ತು. ಅಣ್ಣನ ಮಗಳ ಮದುವೆಗೆ ಊರಿಗೆ ಹೋದಾಗ ಎರಡು ವಾರ ತಗೊಂಡಿಲ್ಲ. ಎಲ್ಲರೂ ಒಂದೇ ರೂಮಿನಲ್ಲಿ ಮಲಗುತ್ತಿದ್ದೆವು, ಡಬ್ಬಿ ತೆಗೆಯಲು ಆಗಲಿಲ್ಲ. ಈಗ ಹತ್ತು ದಿನದಿಂದ ತಗೊಳ್ತಿದ್ದೇನೆ.

ದೊಡ್ಡಕ್ಕ · ಸೋಮವಾರ ರಾತ್ರಿ 11:40

ಟಿಎನ್‌ಡಿ ಅಂದರೆ ಪತ್ತೆಯಾಗಿಲ್ಲ ಅಂತ, ಒಳ್ಳೆಯದೇ. ಅದೊಂದೇ ಇದ್ದಿದ್ದರೆ ನಿಶ್ಚಿಂತೆಯಿಂದ ಮಲಗಿ ಅನ್ನುತ್ತಿದ್ದೆ. ಎರಡು ವಾರ ಬಿಟ್ಟಿರುವುದರಿಂದ ಹಾಗೆ ಹೇಳಲಾರೆ. ಈಗಲೇ ದೊಡ್ಡ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ ಇಬ್ಬರೂ ಹೋಗಿ. ನಿನ್ನ ಎಆರ್‌ಟಿ ಬುಕ್ ಜೊತೆಗಿರಲಿ. ಪೆಪ್ ಬೇಕಾ ಅಂತ ಕೇಳಿ. ಅದು ಸೋಂಕು ಕೂರದಂತೆ ತಡೆಯುವ ಮಾತ್ರೆ. ಎಷ್ಟು ಬೇಗವೋ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಶುರು ಮಾಡಿದರೆ 28 ದಿನ ಬಿಡದೆ ತಗೋಬೇಕು. ಬೇಕೋ ಬೇಡವೋ ಅಲ್ಲಿಯ ಡಾಕ್ಟರ್ ಹೇಳುತ್ತಾರೆ. ದಾರಿಯಲ್ಲಿ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ, ರಾತ್ರಿಯೂ ಎತ್ತುತ್ತಾರೆ.

ಅಳುತ್ತಿರುವವಳಿಗೆ ಬೈಯಬೇಡ, ನಿನಗೆ ನೀನೂ ಬೈದುಕೊಳ್ಳಬೇಡ. ಹೊರಡು.

ಜೋಳದರೊಟ್ಟಿ · ಸೋಮವಾರ ರಾತ್ರಿ 11:48

ಕಾಂಡೋಮ್ ಹರಿಯುವುದಕ್ಕೆ ಅರ್ಧ ಕಾರಣ ಕೊಬ್ಬರಿ ಎಣ್ಣೆ ತಮ್ಮಾ. ಎಣ್ಣೆ ತಾಗಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರ್ ಬಲ ಕಳೆದುಕೊಳ್ಳುತ್ತದೆ. ನೀರಿನ ಜೆಲ್ ಮಾತ್ರ ಹಚ್ಚಬೇಕು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದೂ ಬಿಸಿಗೆ ಹಾಳಾಗುತ್ತದೆ. ಇದು ಈಗ ಬೇಡ, ಆಮೇಲೆ ಓದು. ಹೋಗಿ ಬಾ.

ಹೊಸಬ_ಒಂದು_ಪ್ರಶ್ನೆ · ಬುಧವಾರ ಬೆಳಿಗ್ಗೆ 8:15

ಹೋಗಿದ್ದೆವು. ಅವಳಿಗೆ ಮಾತ್ರೆ ಶುರು ಮಾಡಿದ್ದಾರೆ. ನನ್ನ ವೈರಲ್ ಲೋಡ್‌ಗೆ ರಕ್ತ ತಗೊಂಡಿದ್ದಾರೆ. ಕೊಬ್ಬರಿ ಎಣ್ಣೆ ವಿಷಯ ನಿಜ, ಯಾರೂ ಹೇಳಿರಲಿಲ್ಲ. ಅವಳು ಈಗ ನಗುತ್ತಿದ್ದಾಳೆ, ‘ಆ ದೊಡ್ಡಕ್ಕನಿಗೆ ನಮಸ್ಕಾರ ಹೇಳಿ’ ಅಂದಳು.

ಹೊಂಗೆಮರ · ಬುಧವಾರ ಬೆಳಿಗ್ಗೆ 10:40

ಅವರಿಗೆ ಹೇಳಿ, 28 ದಿನ ಊಟ ಆದ ಮೇಲೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಲಿ. ಹೆಸರು ‘ಹಾಲು’ ಅಂತ ಇಡಲಿ. ನನ್ನದು ಎಂಟು ವರ್ಷದಿಂದ ‘ಹಾಲು’.

ಸಂತೆಪೇಟೆ · ಗುರುವಾರ ರಾತ್ರಿ 9:15

ಎಲ್ಲ ಓದಿದೆ, ಎರಡೆರಡು ಸಲ. ಗ್ರೂಪ್ ಮುಚ್ಚಿದ್ದೇನೆ. ಮೂರು ದಿನದಿಂದ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಿದ್ದೇನೆ. ಇವತ್ತಿಗೆ 41 ಜನ ಆಯಿತು. 29 ಜನ ಕಳಿಸಿ ಅಂದರು. ನಾಲ್ವರು ಬರೀ ಫೋನ್ ಮಾಡಿ, ಬರೆದು ಕಳಿಸಬೇಡಿ ಅಂದರು. ಉಳಿದವರು ಬೇಡ ಅಂದರು, ಅವರ ಇಷ್ಟ.

ಆ ಅಕ್ಕನಿಗೂ ಮಾಡಿದೆ. ಎತ್ತಿದರು. ಮಗನಿಗೆ ಅವರೇ ಕೂರಿಸಿಕೊಂಡು ಎಲ್ಲ ಹೇಳಿದರಂತೆ. ಈಗ ರಾತ್ರಿ ಒಂಬತ್ತಕ್ಕೆ ಅವನೇ ‘ಮಾತ್ರೆ ತಗೊಂಡ್ಯಾ’ ಅಂತ ಕೇಳುತ್ತಾನಂತೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅವನು ಬೇರೆ ಥರದ ಹುಡುಗ ಆಗಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ನಿದ್ದೆ ಬರುವುದಿಲ್ಲ.

ಮೊದಲ ಮೆಸೇಜ್ ಬರೆದಿದ್ದೇನೆ: ‘ಆರಾಮಾ? ತೊಂದರೆ ಇದ್ದರೆ 2 ಒತ್ತಿ, ನಾನೇ ಫೋನ್ ಮಾಡುತ್ತೇನೆ.’ ಅಷ್ಟೇ. ವೈರಲ್ ಲೋಡ್ ತಾರೀಕು, ಸುರಕ್ಷಾ ಕ್ಲಿನಿಕ್, ಕೊಬ್ಬರಿ ಎಣ್ಣೆ, ಹೆಂಗಸರ ತಪಾಸಣೆ ಎಲ್ಲ ಆ ಫೋನಿನಲ್ಲೇ. ಹೆಂಗಸರಿಗೆ ಫೋನ್ ಮಾಡಲು ಸಂಘದ ಒಬ್ಬ ಅಕ್ಕ ಒಪ್ಪಿದ್ದಾರೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಳಿಸಲಾ?

ದೊಡ್ಡಕ್ಕ · ಗುರುವಾರ ರಾತ್ರಿ 9:32

ಹೆಂಗಸರಿಗೆ ಮಧ್ಯಾಹ್ನ ಎರಡಕ್ಕೆ ಕಳಿಸಪ್ಪಾ. ಗಂಡಸು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ, ಅತ್ತೆ ನಿದ್ದೆಗೆ.

ಜೋಳದರೊಟ್ಟಿ · ಗುರುವಾರ ರಾತ್ರಿ 9:50

ಡ್ರೈವರ್‌ಗಳಿಗೆ ರಾತ್ರಿ ಢಾಬಾ ಹೊತ್ತಿಗೆ. ಎರಡನೇ ಕ್ವಾರ್ಟರ್‌ಗಿಂತ ಮುಂಚೆ.